ಒಂದೇ ಇರುಳಿನಲ್ಲಿ ಬೆಳೆದ ಬಾಲೆ: ‘ಪುಟ್ಟಗೌರಿ ಮದುವೆ’ ಧಾರಾವಾಹಿಯ ಕುರಿತು ಒಂದು ವಿಚಾರ

ಧಾರಾವಾಹಿಗಳನ್ನು ಕುರಿತು ವಿಮರ್ಶೆ ಬರೆಯುವುದು ಈ ಪತ್ರಿಕೆಯ ಓದುಗ ಬಂಧುಗಳಲ್ಲಿ ಕೆಲವರಿಗೆ ಹಗುರವಾದ ಕೆಲಸವೆಂದು ತೋರಬಹುದು. ಆದರೆ ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಯಾವುದಕ್ಕೆ ಸಲ್ಲುತ್ತಿದೆಯೆಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಈ ಭಾವನೆ ನಿಲ್ಲಲಾರದು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದು ಹಿಡಿದರೂ ಒಂದು ಧಾರಾವಾಹಿಗೆ ವರ್ಷಕ್ಕೆ 130 ಗಂಟೆಗಳಾಗುತ್ತವೆ. ಐದು ವರ್ಷಕ್ಕೆ 650. ಇಷ್ಟು ಕಾಲವನ್ನು ನಾವು ಯಾವ ಪುರಾಣ ಶ್ರವಣಕ್ಕೂ ಕೊಟ್ಟವರಲ್ಲ. ಇಷ್ಟು ಬೆಲೆ ತೆತ್ತು ಕೊಂಡ ಸರಕನ್ನು ಒಮ್ಮೆ ಬಿಚ್ಚಿ ನೋಡುವುದು ವ್ಯಾಪಾರಿಯಾದವನಿಗೆ ಸಹಜವೇ ಆಗಿದೆ.

ನಾನು ವಿಚಾರಕ್ಕೆ ಎತ್ತಿಕೊಂಡಿರುವುದು ‘ಪುಟ್ಟಗೌರಿ ಮದುವೆ’. 2012ರ ಕೊನೆಯಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾದ ಈ ಧಾರಾವಾಹಿ, 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿದ ಮೇಲೂ ವರ್ಷಗಟ್ಟಲೆ ನಡೆಯಿತು. ಕೊನೆಗೆ ‘ಮಂಗಳಗೌರಿ ಮದುವೆ’ ಎಂಬ ಮತ್ತೊಂದು ಕಥೆಗೆ ದಾರಿ ಬಿಟ್ಟುಕೊಟ್ಟಿತು. ಇದರ ಮೂಲವಸ್ತು 2008ರಿಂದ 2016ರವರೆಗೆ ಪ್ರಸಾರವಾದ ‘ಬಾಲಿಕಾ ವಧು’ ಎಂಬ ಹಿಂದಿ ಧಾರಾವಾಹಿಯದು. ಆಟವಾಡುವ ವಯಸ್ಸಿನ ಹೆಣ್ಣುಮಗುವೊಂದು ಮದುವೆಯಾಗಿ ದೊಡ್ಡ ಮನೆಯೊಂದನ್ನು ಸೊಸೆಯಾಗಿ ಸೇರುತ್ತದೆ, ಅಲ್ಲಿಯೇ ಬೆಳೆಯುತ್ತದೆ. ಬಾಲೆ ಗೌರಿಯ ಪಾತ್ರವನ್ನು ಸಾನ್ಯಾ ಅಯ್ಯರ್ ಅವರೂ, ದೊಡ್ಡವಳಾದ ಗೌರಿಯನ್ನು ರಂಜನಿ ರಾಘವನ್ ಅವರೂ, ಆಕೆಯ ಪತಿ ಮಹೇಶನನ್ನು ರಕ್ಷಿತ್ ಗೌಡ ಅವರೂ ಅಭಿನಯಿಸಿದರು. ಅಜ್ಜಮ್ಮನ ಪಾತ್ರದಲ್ಲಿ ಚಂದ್ರಕಲಾ ಮೋಹನ್ ಅವರ ಗದರಿಕೆ ಮನೆಮನೆಯ ಮಾತಾಗಿತ್ತು.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಬಾಲ್ಯವಿವಾಹವೆಂಬ ವಿಷಯವನ್ನು ಸರಕಾರದ ಭಿತ್ತಿಪತ್ರದಿಂದ ಎತ್ತಿ ಊಟದ ಪಂಕ್ತಿಗೆ ತಂದ ಶ್ರೇಯಸ್ಸು ಈ ಕಥೆಗೆ ಸಲ್ಲಬೇಕು. ಬಾಲನಟಿಯ ಅಭಿನಯದಲ್ಲಿ ಕಲಿತು ಒಪ್ಪಿಸುವ ಕೃತಕತೆ ಕಡಿಮೆಯಿತ್ತು. ಮಾಂಗಲ್ಯವೆಂದರೆ ಏನೆಂದು ಅರಿಯದ ಮಗುವಿನ ಮುಗ್ಧತೆಯೂ, ತವರಿಗೆ ಹೋಗಬೇಕೆಂಬ ಹಠವೂ ಎದೆಗೆ ತಾಗುವಂತಿದ್ದವು. ನನ್ನ ಜವಳಿ ಅಂಗಡಿಗೆ ಬರುವ ಗಿರಾಕಿಗಳು ಆ ದಿನಗಳಲ್ಲಿ ‘ಪುಟ್ಟಗೌರಿ ಹಾಕೋ ಅಂಥ ಲಂಗ, ಜಾಕೀಟು ತೆಗೀರಿ’ ಎಂದು ಕೇಳುತ್ತಿದ್ದರು. ನಾನೂ ತರಿಸಿ ಮಾರಿದೆ. ಮಗುವೊಂದನ್ನು ಮದುಮಗಳಾಗಿ ಸಿಂಗರಿಸಿದ ಉಡುಪು ಅದು ಎಂಬುದು ಮಾರುವಾಗ ನನಗೂ ಹೊಳೆಯಲಿಲ್ಲ, ಕೊಳ್ಳುವಾಗ ತಾಯಂದಿರಿಗೂ ಹೊಳೆಯಲಿಲ್ಲ. ವಿಮರ್ಶೆ ಆರಂಭವಾಗಬೇಕಾದದ್ದು ಇಲ್ಲಿಂದಲೇ. ಒಂದು ಅನಿಷ್ಟವನ್ನು ಖಂಡಿಸಲು ಹೊರಟ ಕಥೆ ಆ ಅನಿಷ್ಟವನ್ನೇ ಮುದ್ದಾಗಿ ತೋರಿಸಿದರೆ ನೋಡುವವರ ಮನಸ್ಸಿನಲ್ಲಿ ಉಳಿಯುವುದು ಖಂಡನೆಯಲ್ಲ, ಮುದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಧಾರಾವಾಹಿಯಲ್ಲಿ ಮಗು ಬೆಳೆಯುವ ಬಗೆ ವಿಚಿತ್ರವಾದದ್ದು. ಅಲ್ಲಿ ಎರಡು ಗಡಿಯಾರಗಳು ನಡೆಯುತ್ತವೆ. ಒಂದು ಕಥೆಯದು, ಅದು ಬಹಳ ನಿಧಾನ. ಮನೆಯಲ್ಲಿ ಒಂದು ಹಬ್ಬ ಬಂದರೆ ಕಂತಿನ ಮೇಲೆ ಕಂತು ಅದೇ ಹಬ್ಬ. ಬಾಗಿಲ ಹಿಂದೆ ನಿಂತವರು ಕೇಳಿಸಿಕೊಂಡ ಮಾತು ಹೊರಗೆ ಬರಲು ವಾರ ಬೇಕು. ಇನ್ನೊಂದು, ಅಭಿನಯಿಸುವ ಮಗುವಿನ ದೇಹದ ಗಡಿಯಾರ. ಅದು ಯಾರ ಮಾತನ್ನೂ ಕೇಳುವುದಿಲ್ಲ. ಕಥೆಯಲ್ಲಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮಗು ಎರಡು ಅಂಗುಲ ಎತ್ತರವಾಗಿರುತ್ತದೆ. ಈ ಎರಡು ಗಡಿಯಾರಗಳ ಅಂತರವನ್ನು ಹೊಂದಿಸಲು ಕಥೆಗಾರರು ಹಿಡಿಯುವ ಉಪಾಯವೇ ಜಿಗಿತ. ಒಂದು ಸಂಜೆ ಬಾಲೆ ಗೌರಿ ಇದ್ದಳು. ಬಳಿಕ ಆ ಲಂಗದ ಜಾಗದಲ್ಲಿ ಸೀರೆ, ಆ ಮುಖದ ಜಾಗದಲ್ಲಿ ಬೇರೆ ಮುಖ. ನಡುವಿನ ವರ್ಷಗಳು ಎಲ್ಲಿಯೂ ಇಲ್ಲ. ‘ಬಾಲಿಕಾ ವಧು’ವಿನಲ್ಲಿಯೂ 2010ರಲ್ಲಿ ಇದೇ ಆಯಿತು. ಅವಿಕಾ ಗೋರ್ ಅವರ ಸ್ಥಾನಕ್ಕೆ ಪ್ರತ್ಯೂಷಾ ಬ್ಯಾನರ್ಜಿ ಅವರು ಬಂದರು.

ಜಿಗಿತ ಕಥನದ ಒಂದು ಹಳೆಯ ತಂತ್ರವೇ, ಅದನ್ನು ದೋಷವೆನ್ನಲಾಗದು. ಆದರೆ ಯಾವುದನ್ನು ದಾಟಿ ಜಿಗಿಯಲಾಯಿತು ಎಂಬುದನ್ನು ಕೇಳಬೇಕು. ಬಾಲ್ಯವಿವಾಹದ ನಿಜವಾದ ಹಾನಿ ಮದುವೆಯ ಮಂಟಪದಲ್ಲಿಲ್ಲ. ಮಗುವಿಗೆ ಅಂದು ಹೊಸ ಬಟ್ಟೆ, ಸಿಹಿ ಊಟ. ಹಾನಿಯೆಲ್ಲ ಇರುವುದು ಹನ್ನೆರಡರಿಂದ ಹದಿನೆಂಟರ ನಡುವೆ: ಶಾಲೆ ತಪ್ಪಿದ್ದು, ಗೆಳತಿಯರು ತಪ್ಪಿದ್ದು, ಬಲಿಯದ ಮೈಗೆ ಬಸಿರು ಬಂದದ್ದು. ಈ ವಿಷಯವನ್ನೇ ತನ್ನ ವಸ್ತುವೆಂದು ಸಾರಿಕೊಂಡ ಕಥೆ ಈ ಆರು ವರ್ಷಗಳನ್ನೇ ಕತ್ತರಿಸಿ ತೆಗೆದಿದೆ. ಮುಗ್ಧೆಯಾದ ಮಗು ನೋಡಲು ಚೆನ್ನ, ಚೆಲುವೆಯಾದ ಸೊಸೆ ನೋಡಲು ಚೆನ್ನ. ಎರಡರ ನಡುವೆ ಇರುವುದು ಯಾರಿಗೂ ನೋಡಲು ಹಿತವಲ್ಲ. ಅಂಥ ಹೊತ್ತಿಗೆ ಜಾಹೀರಾತುದಾರರೂ ಮುಂದೆ ಬರುವುದಿಲ್ಲ.

ಈ ಮಾತು ನನಗೆ ಸ್ವಂತ ಬುದ್ಧಿಯಿಂದ ಹೊಳೆದದ್ದಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಹಿರಿಯಕ್ಕನವರ ಮದುವೆ 1959ರಲ್ಲಿ ಆಯಿತು. ಅವರಿಗಾಗ ಹದಿಮೂರು ವರ್ಷ; ನಾನು ವರ್ಷದ ಕೂಸು. 1929ರ ಶಾರದಾ ಶಾಸನ ಹೆಣ್ಣಿಗೆ 14 ವರ್ಷವೆಂದಿತ್ತು. 1949ರಲ್ಲಿ ಅದು 15ಕ್ಕೆ ಏರಿತ್ತು. ಕಾನೂನು ಪುಸ್ತಕದಲ್ಲಿತ್ತು, ಅಕ್ಕ ಕುಣಿಗಲ್ಲಿನ ಗಂಡನ ಮನೆಯಲ್ಲಿದ್ದರು. ನಮ್ಮ ತಂದೆಯವರು ಕ್ರೂರಿಗಳಲ್ಲ. ಇರುವೆಗೆ ಕಾಲು ತಾಗದಂತೆ ನೋಡಿ ನಡೆಯುವವರು. ರಾತ್ರಿ ಊಟ ಬಿಟ್ಟವರು. ಆದರೂ ಮದುವೆ ಮಾಡಿದರು. ಆ ಕಾಲ ಹಾಗಿತ್ತು ಎಂಬ ಒಂದು ವಾಕ್ಯದಿಂದ ನಾವೆಲ್ಲ ಆ ಸಂಗತಿಯನ್ನು ಮುಚ್ಚಿಟ್ಟಿದ್ದೆವು.

ಗೌರಿ ದೊಡ್ಡವಳಾದ ಸಂಜೆ ನಾನು ಕುಣಿಗಲ್ಲಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಹೊಸ ನಟಿ ಹೇಗಿದ್ದಾಳೆಂಬ ಚರ್ಚೆಯಲ್ಲಿದ್ದರು. ಅಕ್ಕ ಮಾತ್ರ ಸುಮ್ಮನೆ ಕುಳಿತಿದ್ದು, ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ ಹೇಳಿದರು: ‘ಒಂದೇ ರಾತ್ರೀಲಿ ದೊಡ್ಡೋಳಾಗ್ಬಿಟ್ಲಲ್ಲೋ ತಮ್ಮ. ನಾನು ಒಂದೊಂದು ದಿನಾನೂ ಎಣಿಸ್ಕಂಡು ದೊಡ್ಡೋಳಾದೆ.’

ಅರವತ್ತು ವರ್ಷದ ಹತ್ತಿರ ಬಂದ ತಮ್ಮನಿಗೆ ತನ್ನ ಅಕ್ಕ ಆ ದಿನಗಳನ್ನು ಹೇಗೆ ಎಣಿಸಿದಳೆಂದು ಒಮ್ಮೆಯೂ ಕೇಳಬೇಕೆನಿಸಿರಲಿಲ್ಲ. ಅಂದು ಕೇಳಿದೆ. ಮುಂದಿನ ಎರಡು ಸಂಜೆ, ಧಾರಾವಾಹಿಯ ಹೊತ್ತಿಗೆ ಟಿವಿ ಹಚ್ಚದೆ, ಅವರು ಹೇಳುತ್ತಾ ಹೋದರು. ಆರನೆಯ ತರಗತಿಯ ಪುಸ್ತಕಗಳನ್ನು ಟ್ರಂಕಿನ ತಳದಲ್ಲಿಟ್ಟು ಒಯ್ದಿದ್ದರಂತೆ. ಒಂದು ಮಳೆಗಾಲದಲ್ಲಿ ಅತ್ತೆಯವರು ಒಲೆ ಹಚ್ಚಲು ಹಾಳೆ ಹರಿದಾಗ ಗಣಿತದ ಪುಸ್ತಕವೊಂದನ್ನು ಮಾತ್ರ ಉಳಿಸಿಕೊಂಡರಂತೆ. ಬಾವಿಯ ಕಟ್ಟೆಗೆ ಎದೆ ತಾಗುವಷ್ಟು ಗಿಡ್ಡವಿದ್ದುದರಿಂದ ನೀರು ಸೇದಲು ಕಲ್ಲಿನ ಮೇಲೆ ನಿಲ್ಲುತ್ತಿದ್ದರಂತೆ. ಆ ಕಲ್ಲು ಬೇಡವಾದ ದಿನ ತಾನು ಬೆಳೆದೆನೆಂದು ತಿಳಿಯಿತಂತೆ. ಹದಿನೈದರಲ್ಲಿ ಹುಟ್ಟಿದ ಮೊದಲ ಕೂಸು ಹನ್ನೊಂದು ದಿನ ಬದುಕಿತ್ತು. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ, ಯಾರೂ ಆಡದೆ ಬಿಟ್ಟದ್ದು. ಅತ್ತೆಯವರನ್ನೂ ಅಕ್ಕ ಬೈಯಲಿಲ್ಲ. ‘ಅವ್ರೂ ಹಂಗೇ ಬಂದೋರು’ ಎಂದಷ್ಟೇ ಹೇಳಿದರು. ಧಾರಾವಾಹಿ ತೋರಿಸದೆ ಬಿಟ್ಟ ಕಂತುಗಳು ಇವೇ ಎಂದು ನನಗೆ ಅಂದು ತಿಳಿಯಿತು.

ಜಿಗಿತದ ನಂತರದ ಕಥೆಯನ್ನು ನೋಡೋಣ. ಮಹೇಶನ ಬಾಳಿನಲ್ಲಿ ಹಿಮಾ ಎಂಬ ಇನ್ನೊಬ್ಬಳು ಬರುತ್ತಾಳೆ. ಅಲ್ಲಿಂದ ಮುಂದೆ ಗೌರಿಯ ಸಂಸಾರ ಉಳಿಯುವುದೇ, ಅಳಿಯುವುದೇ ಎಂಬುದೊಂದೇ ಪ್ರಶ್ನೆ. ಇದರ ಪರಿಣಾಮವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಬಾಲ್ಯವಿವಾಹ ಅನ್ಯಾಯವೆಂದು ಆರಂಭವಾದ ಕಥೆಯಲ್ಲಿ ಈಗ ಪ್ರೇಕ್ಷಕರು ಅದೇ ಬಾಲ್ಯವಿವಾಹ ಮುರಿಯಬಾರದೆಂದು ಹರಕೆ ಹೊರುತ್ತಾರೆ. ಅಂದು ತಿಳಿಯದೆ ಕಟ್ಟಿದ ಮಾಂಗಲ್ಯ ಇಂದು ಪವಿತ್ರ ಬಂಧನ. ಅದನ್ನು ಪ್ರಶ್ನಿಸುವವರು ಖಳರು. ಆ ಇಬ್ಬರು ಮಕ್ಕಳಿಗೆ ಅಂದು ಒಪ್ಪಿಗೆಯೇ ಇರಲಿಲ್ಲವೆಂಬ ಮೂಲ ಪ್ರಶ್ನೆ ಕಣ್ಮರೆಯಾಗುತ್ತದೆ. ಮೂಲದ ಹಿಂದಿ ಕಥೆ ಎಷ್ಟೇ ಎಳೆದಾಡಿದರೂ ಈ ಒಂದು ವಿಷಯದಲ್ಲಿ ನೇರವಾಗಿತ್ತು: ಅಲ್ಲಿ ಆನಂದಿಯ ಬಾಲ್ಯದ ಮದುವೆ ವಿಚ್ಛೇದನದಲ್ಲಿ ಮುಗಿದು, ಆಕೆ ತಿಳಿದು ಒಪ್ಪಿದ ಎರಡನೆಯ ಮದುವೆಯಾಗುತ್ತಾಳೆ. ಕನ್ನಡದ ಗೌರಿಗೆ ತನ್ನ ಹೆಸರಿನ ‘ಪುಟ್ಟ’ ಎಂಬ ವಿಶೇಷಣವನ್ನು ಕಳಚುವ ಅವಕಾಶವೂ ಬರಲಿಲ್ಲ. ಶೀರ್ಷಿಕೆಯಲ್ಲಿ ಕೊನೆಯವರೆಗೂ ಆಕೆ ಪುಟ್ಟಗೌರಿಯೇ, ವಿಷಯವೂ ಕೊನೆಯವರೆಗೂ ಮದುವೆಯೇ.

2017-18ರ ಸುಮಾರಿಗೆ ಗೌರಿ ಪ್ರಪಾತಕ್ಕೆ ಬಿದ್ದೂ ಬದುಕುಳಿದು ಕಾಡಿನಲ್ಲಿ ಅಲೆದ ಕಂತುಗಳನ್ನು ಜನ ಬಹುವಾಗಿ ಹಾಸ್ಯ ಮಾಡಿದರು. ನನಗೆ ಆ ಹಾಸ್ಯದಲ್ಲಿ ಪೂರ್ಣ ಸಮ್ಮತಿಯಿಲ್ಲ. ಅದ್ಭುತ ಘಟನೆಗಳು ನಮ್ಮ ಕಾವ್ಯಗಳಲ್ಲಿಯೂ ಉಂಟು. 1424ರಲ್ಲಿ ಭಾಸ್ಕರ ಕವಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ ತುಂಬು ಗರ್ಭಿಣಿ ರಾಣಿ ಮಯೂರಯಂತ್ರದಲ್ಲಿ ಕುಳಿತು ಹಾರಿ ಹೋಗುತ್ತಾಳೆ. ಶ್ಮಶಾನದಲ್ಲಿ ಇಳಿದು ಮಗುವನ್ನು ಹೆರುತ್ತಾಳೆ. ತನ್ನ ಸತ್ತ ಕೂಸನ್ನು ಬಿಡಲು ಬಂದ ಗಂಧೋತ್ಕಟನೆಂಬ ವರ್ತಕ ಆ ಮಗುವನ್ನು ಎತ್ತಿಕೊಂಡು ಹೋಗಿ ಸಾಕುತ್ತಾನೆ. ಇದೂ ಪ್ರಪಾತದಷ್ಟೇ ನಂಬಲಸಾಧ್ಯ. ವ್ಯತ್ಯಾಸ ಮತ್ತೊಂದೆಡೆ ಇದೆ. ಆ ಕಥೆಯಲ್ಲಿ ಮಗು ಬೆಳೆಯುವುದು ಕಥೆಯ ಒಂದು ಭಾಗ. ಯಾರು ಉಣಿಸಿದರು, ಆರ್ಯನಂದಿ ಎಂಬ ಗುರು ಏನು ಕಲಿಸಿದರು, ಕಲಿತದ್ದರಿಂದ ಏನಾಯಿತು ಎಂಬ ಕಾರಣ-ಕಾರ್ಯಗಳ ಸರಪಳಿ ಅಲ್ಲಿ ಕಡಿಯುವುದಿಲ್ಲ. ಪಂಪನ ಆದಿಪುರಾಣದಲ್ಲಿ ತಂದೆ ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮೀ-ಸೌಂದರಿಯರಿಗೆ ಕಲಿಸಿದ್ದು ಅಕ್ಷರವನ್ನು, ಅಂಕಿಯನ್ನು. ಮಗು ಬೆಳೆಯುವುದೆಂದರೆ ಏನೆಂದು ಆ ಕವಿಗಳಿಗೆ ತಿಳಿದಿತ್ತು. ಧಾರಾವಾಹಿಯಲ್ಲಿ ಗೌರಿ ಅಪಾಯಗಳನ್ನು ದಾಟುತ್ತಾಳೆ, ಆದರೆ ಅವುಗಳಿಂದ ಬೆಳೆಯುವುದಿಲ್ಲ. ಇಂದಿನ ಕಂತಿನ ಗೌರಿಗೂ ಐನೂರು ಕಂತಿನ ಹಿಂದಿನ ಗೌರಿಗೂ ಸಹನೆಯಲ್ಲಿ ಮಾತ್ರ ಹೆಚ್ಚಳ. ಕಾಡಿನ ಕಂತುಗಳಲ್ಲಿ ನಗಬೇಕಾದದ್ದು ಇದಕ್ಕೆ.

ಈ ವಿಚಾರವನ್ನು ಗುಬ್ಬಿಯ ನನ್ನ ಅಡಿಕೆ ವ್ಯಾಪಾರಿ ಮಿತ್ರರೊಬ್ಬರಲ್ಲಿ ಪ್ರಸ್ತಾಪಿಸಿದಾಗ ಅವರು ಒಪ್ಪಲಿಲ್ಲ. ‘ನಮ್ಮೂರಿನ ನಾಟಕ ಕಂಪನೀಲಿ ಮಕ್ಳು ಇರ್ಲಿಲ್ವೇನ್ರೀ? ವೀರಣ್ಣೋರೇ ಚಿಕ್ಕ ಹುಡುಗ್ರಾಗಿ ಸೇರ್ದೋರು’ ಎಂದರು. ಅವರ ಆಕ್ಷೇಪಣೆ ಗಟ್ಟಿಯಾದದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ವೀರಣ್ಣನವರು ಬಾಲಕರಾಗಿಯೇ ಸೇರಿದವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಂದ ಮುತ್ತುರಾಜ, ಮುಂದೆ ರಾಜಕುಮಾರರಾದವರು, ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ಅಲ್ಲಿಯೇ ಬಣ್ಣ ಹಚ್ಚಿದರು. ಜಿ. ವಿ. ಅಯ್ಯರ್ ಅವರೂ ಚಿಕ್ಕಂದಿನಲ್ಲಿ ಅಲ್ಲಿಗೆ ಬಂದವರೇ. ಆ ಬಾಳು ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಶಾಲೆ ತಪ್ಪಿದ ಕೊರತೆ ಅವರಿಗೂ ಇತ್ತು. ಆದರೂ ಒಂದು ಭೇದವನ್ನು ಕಾಣುತ್ತೇನೆ. ಕಂಪನಿಯಲ್ಲಿ ಹುಡುಗ ಬೆಳೆದರೆ ಪಾತ್ರ ಬದಲಾಗುತ್ತಿತ್ತು. ಪ್ರಹ್ಲಾದನಾಗಿದ್ದವನು ಮುಂದೆ ಬೇರೆ ವೇಷ ಹಾಕುತ್ತಿದ್ದ, ಅದೇ ಪ್ರೇಕ್ಷಕರ ಎದುರಿಗೆ. ಧಾರಾವಾಹಿಯಲ್ಲಿ ಮಗು ಬೆಳೆದರೆ ಮಗುವೇ ಬದಲಾಗುತ್ತದೆ. ಪಾತ್ರ ಉಳಿಯುತ್ತದೆ, ಮಗು ಮನೆಗೆ ಹೋಗುತ್ತದೆ. ನಿನ್ನೆಯವರೆಗೆ ರಾಜ್ಯವೆಲ್ಲ ಹೆಸರು ಹಿಡಿದು ಕರೆದ ಮಗುವಿಗೆ ಇಂದು ಆ ಹೆಸರು ತನ್ನದಲ್ಲ.

ಬಾಲನಟರ ವಿಷಯದಲ್ಲಿ ಈಗ ಕಾನೂನು ಸ್ಪಷ್ಟವಾಗಿದೆ. 2016ರ ಬಾಲಕಾರ್ಮಿಕ ತಿದ್ದುಪಡಿ ಶಾಸನ ಹದಿನಾಲ್ಕು ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸುವಾಗ ಸಿನೆಮಾ, ಧಾರಾವಾಹಿಗಳ ಬಾಲಕಲಾವಿದರಿಗೆ ವಿನಾಯಿತಿ ಕೊಟ್ಟಿತು. 2017ರ ನಿಯಮಗಳು ಆ ವಿನಾಯಿತಿಗೆ ಷರತ್ತುಗಳನ್ನು ಹಾಕಿದವು: ದಿನಕ್ಕೆ 5 ಗಂಟೆ ಮೀರಬಾರದು, 3 ಗಂಟೆಗೆ ಮೇಲೆ ಬಿಡುವಿಲ್ಲದೆ ದುಡಿಸಬಾರದು, ಸತತ 27 ದಿನಕ್ಕಿಂತ ಹೆಚ್ಚು ಕೆಲಸವಿರಬಾರದು, ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು, ಸಂಪಾದನೆಯ ಕನಿಷ್ಠ ಶೇಕಡಾ 20 ಭಾಗವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ನಾನು ಚರ್ಚಿಸುತ್ತಿರುವ ಧಾರಾವಾಹಿಯ ಆರಂಭ ಇದಕ್ಕೆ ಹಿಂದಿನದು. ಅದರ ತಯಾರಕರ ಮೇಲೆ ನನ್ನ ಆರೋಪವೇನೂ ಇಲ್ಲ. ಆದರೆ ಲೆಕ್ಕ ಬಲ್ಲವನಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಶೇಕಡಾ 20 ಮಗುವಿನ ಠೇವಣಿಗೆ ಹೋದರೆ ಉಳಿದ 80 ಯಾರ ಖಾತೆಗೆ? ಆ ಐದು ಗಂಟೆಗಳು ಯಾರ ಖಾತೆಯ ಖರ್ಚು? ಹಣಕ್ಕೆ ಬಡ್ಡಿ ಸಿಗುತ್ತದೆ, ಬಾಲ್ಯಕ್ಕೆ ಸಿಗುವುದಿಲ್ಲ.

ಇಲ್ಲಿ ನಮ್ಮ ಆಚಾರಶಾಸ್ತ್ರದ ಒಂದು ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಒಂದು ಕಾರ್ಯದ ಹೊಣೆ ಮೂರು ಬಗೆ: ಕೃತ, ಕಾರಿತ, ಅನುಮೋದಿತ, ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಧಾರಾವಾಹಿಯನ್ನು ನಾವು ಮಾಡಿದವರಲ್ಲ. ಮಾಡಿಸಿದವರೂ ಅಲ್ಲವೆಂದುಕೊಳ್ಳುತ್ತೇವೆ, ಆದರೆ ಯಾವ ಮನೆಗಳಲ್ಲಿ ಎಷ್ಟು ಹೊತ್ತು ನೋಡಿದರೆಂಬ ಅಳತೆಯ ಮೇಲೆಯೇ ಜಾಹೀರಾತಿನ ದರವೂ ಕಥೆಯ ತಿರುವೂ ನಿಂತಿರುವಾಗ, ನೋಡುವುದೇ ಮಾಡಿಸುವುದು. ಅನುಮೋದನೆಯಂತೂ ನಿತ್ಯ ಸಂಜೆಯದು. ಸಮಂತಭದ್ರರು ಅನರ್ಥದಂಡಗಳನ್ನು ಐದೆಂದು ಎಣಿಸುವಾಗ ದುಃಶ್ರುತಿಯನ್ನೂ, ಎಂದರೆ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದನ್ನೂ ಸೇರಿಸಿದರು. ಹಾಗೆಂದು ಟಿವಿಯನ್ನೇ ಮನೆಯಿಂದ ಹೊರಗಿಡಿ ಎಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಆ ಲಂಗಗಳನ್ನು ಮಾರಿ ಲಾಭ ಪಡೆದವನು ನಾನು.

ಬಾಲ್ಯವಿವಾಹ ಅಕ್ಕನ ಕಾಲದೊಂದಿಗೆ ಮುಗಿದ ಕಥೆಯೆಂದು ಯಾರೂ ತಿಳಿಯಬಾರದು. 1978ರಲ್ಲಿ ಹೆಣ್ಣಿನ ವಿವಾಹದ ವಯಸ್ಸು 18ಕ್ಕೆ ಏರಿತು. 2006ರಲ್ಲಿ ಹೊಸ ನಿಷೇಧ ಶಾಸನ ಬಂದಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿಯನ್ನಿತ್ತಿತು. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೂಲತಃ ಅಸಿಂಧುವೆಂದೇ ಸಾರಿತು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮುನ್ನ ಮದುವೆಯಾದವರು. ಅದರ ಹಿಂದಿನ, 2015-16ರ ಸಮೀಕ್ಷೆಯಲ್ಲಿಯೂ ಸಂಖ್ಯೆ ಸುಮಾರಾಗಿ ಇಷ್ಟೇ ಇತ್ತು. ನಾವು ಪುಟ್ಟಗೌರಿಗಾಗಿ ಕಣ್ಣೀರಿಟ್ಟ ವರ್ಷಗಳಲ್ಲಿ ಈ ಸಂಖ್ಯೆ ಇಳಿಯಲಿಲ್ಲ. ಇಳಿಯದ್ದಕ್ಕೆ ಧಾರಾವಾಹಿಯೇ ಕಾರಣವೆಂದರೆ ತಪ್ಪಾದೀತು. ಆದರೆ ಕಣ್ಣೀರಿಗೆ ತಾನಾಗಿಯೇ ಕೆಲಸ ಮಾಡುವ ಶಕ್ತಿಯಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಅಕ್ಕ ಈಗಿಲ್ಲ. ಅವರ ಟ್ರಂಕಿನಲ್ಲಿ ಆ ಗಣಿತದ ಪುಸ್ತಕ ಸಿಕ್ಕಿತು. ಭಿನ್ನರಾಶಿಯ ಅಧ್ಯಾಯದವರೆಗೆ ಪೆನ್ಸಿಲಿನಲ್ಲಿ ಮಾಡಿದ ಲೆಕ್ಕಗಳಿದ್ದವು, ಅಲ್ಲಿಂದ ಮುಂದೆ ಹಾಳೆಗಳು ಖಾಲಿ. ಅದನ್ನು ಅವರ ಮೊಮ್ಮಗಳು ಇಟ್ಟುಕೊಂಡಿದ್ದಾಳೆ. ಆಕೆ ತುಮಕೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಓದು ಮುಗಿಯುವವರೆಗೆ ಮದುವೆಯ ಮಾತು ಎತ್ತಕೂಡದೆಂದು ಮನೆಯವರಿಂದ ಅಜ್ಜಿ ಮಾತು ತೆಗೆದುಕೊಂಡಿದ್ದರು.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಂದಿರು, ಅತ್ತೆಯಂದಿರು, ಅಕ್ಕಂದಿರು ಇದ್ದರೆ ಒಂದೆರಡು ಸಂಜೆ ಧಾರಾವಾಹಿಯ ಹೊತ್ತಿಗೆ ಅವರ ಪಕ್ಕದಲ್ಲಿ ಕುಳಿತು, ಹನ್ನೆರಡರಿಂದ ಹದಿನೆಂಟರವರೆಗೆ ಹೇಗೆ ಬೆಳೆದಿರೆಂದು ಕೇಳಿರಿ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಜೊತೆಯಲ್ಲಿ ಕುಳಿತು ಕೇಳಲಿ. ಆ ಮೇಲೆ ಬೇಕಿದ್ದರೆ ಟಿವಿ ಹಚ್ಚಬಹುದು.